ಬಟ್ಟೆ ಸುತ್ತಿದ ಗಂಟೆ

"ದೇವರೇ, ಇವತ್ತಾದರೂ ಕ್ಷಮಿಸಿಬಿಡು" ಎನ್ನುತ್ತಾ ಸೊಸೆ ಆ ಕೈಗಂಟೆಯನ್ನು ದೇವರ ಮುಂದಿಟ್ಟಳು. ಅದರ ನಾಲಿಗೆಗೆ ಸುತ್ತಿದ್ದ ಚಿಂದಿಬಟ್ಟೆ ಹಾಗೇ ಇತ್ತು. ಅತ್ತೆ ಹೋದಾಗಿನಿಂದ ಅದನ್ನು ಮುಟ್ಟುವ ಧೈರ್ಯ ಬಂದಿರಲಿಲ್ಲ.

ಹಾಸಿಗೆ ಹಿಡಿದ ಅತ್ತೆ ಹಗಲು ರಾತ್ರಿ ಎನ್ನದೆ ಅದನ್ನು ಬಾರಿಸಿ ಕರೆಯುತ್ತಿದ್ದರು. ನಿದ್ದೆಗೆಟ್ಟು ಹೈರಾಣಾಗಿದ್ದ ಸೊಸೆ ಒಂದು ಮಧ್ಯಾಹ್ನ, ಅತ್ತೆಗೆ ಜೊಂಪು ಹತ್ತಿದ್ದಾಗ, ಗಂಟೆಯ ನಾಲಿಗೆಗೆ ಚಿಂದಿ ಸುತ್ತಿ ಅವಸರದಲ್ಲಿ ಒಂದು ಸಡಿಲ ಗಂಟು ಹಾಕಿದ್ದಳು. ಅವರಿಗೆ ಎಚ್ಚರವಾದಾಗ, "ಏನಾದ್ರೂ ಬೇಕಿದ್ರೆ ಬಾರಿಸಿ ಅತ್ತೆ, ಓಡಿ ಬರ್ತೀನಿ" ಅಂದಿದ್ದಳು.

"ಹೋಗಿ ಮಲಗು ತಾಯಿ, ಮುಖ ಬಾಡಿಹೋಗಿದೆ ನಿಂದು" ಅಂದಿದ್ದರು ಅತ್ತೆ. ಇವಳು ಏಳುವಷ್ಟರಲ್ಲಿ ಸಂಜೆಯಾಗಿತ್ತು. ಅತ್ತೆಯ ತಣ್ಣಗಾದ ಮುಷ್ಟಿಯಲ್ಲಿ ಗಂಟೆಯಿತ್ತು.

ಈಗ ಚಿಂದಿ ಬಿಚ್ಚಲು ಉಗುರು ಹಾಕಿದವಳ ಕೈ ಅಲ್ಲೇ ನಿಂತಿತು. ಅವಳ ಸಡಿಲ ಗಂಟು ಅಲ್ಲಿರಲಿಲ್ಲ. ಕಂಬಳಿಯ ಅಂಚಿನಿಂದ ಕಿತ್ತ ನೂಲೊಂದು ಚಿಂದಿಯ ಮೇಲೆ ಬಿಗಿಯಾಗಿ ಸುತ್ತಿಕೊಂಡಿತ್ತು. ತುದಿಯಲ್ಲಿ ಎಳ್ಳುಕಾಳಿನಷ್ಟು ಪುಟ್ಟ ಗಂಟು. ಬಟ್ಟೆ ಗಿರಣಿಯಲ್ಲಿ ಕಡಿದ ಎಳೆಗಳನ್ನು ಕೂಡಿಸುತ್ತಲೇ ಮುದುಕಿಯಾದ ಅತ್ತೆಗೆ ಬಿಟ್ಟರೆ ಆ ಮನೆಯಲ್ಲಿ ಬೇರೆ ಯಾರಿಗೂ ಬಾರದ ಗಂಟು.

ಅವಳು ಅದನ್ನು ಬಿಚ್ಚಲಿಲ್ಲ. ದೇವರಿಗೆ ಬೆನ್ನು ಹಾಕಿ, ಖಾಲಿ ಮಂಚದ ಕಡೆ ತಿರುಗಿ, "ನಿದ್ದೆ ಚೆನ್ನಾಗಿ ಬಂತು ಅತ್ತೆ" ಅಂದಳು.