ಎಂಜಲು ಕುಪ್ಪಿ

ಆಲ್ಫೋನ್ಸ್ ಅಂಕಲ್ ಅವತ್ತೇ ಹಲ್ಲು ಕೀಳಿಸಿಕೊಂಡು ಬರಬೇಕಿತ್ತಾ? ಅಲ್ ಕೂಜ್‌ನ ಅವರ ಗಾಜಿನ ವರ್ಕ್‌ಶಾಪಿನ ಕುಲುಮೆ ಸಂಜೆ ಆರಿಸಿದರೆ ಮತ್ತೆ ಹೊತ್ತಿಸುವುದು ಬೇಸಿಗೆ ಕಳೆದ ಮೇಲೆ. ಸಂಜೆಯೊಳಗೆ ಅಶ್ಮಿತಾಗೆ ಒಂದೇ ಒಂದು ರೋಮನ್ ಕುಪ್ಪಿ ಆಗಬೇಕು. ತಿರುಗಿಸಿ ಆಕಾರ ಕೊಡುವುದು ಅವಳು, ಕಬ್ಬಿಣದ ಕೊಳವೆಯ ಆಚೆ ತುದಿಯಲ್ಲಿ ಕೂತು ಊದುವುದು ಅಂಕಲ್. ಈಗ ನೋಡಿದರೆ ಅವರ ಕೆನ್ನೆ ಮಂಗಳೂರು ಬನ್ಸಿನ ಹಾಗೆ ಉಬ್ಬಿದೆ, ಬಾಯೊಳಗೆ ಹತ್ತಿ, ಮಾತೆಲ್ಲ ಕೈಸನ್ನೆ.

ಕುಪ್ಪಿ ಅವಳ ಅಮ್ಮ ಪ್ರಫುಲ್ಲಾರಿಗೆ. ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದವರು ನಾಡಿದ್ದು ಹೊರಡುತ್ತಾರೆ. ಹೋದ ವಾರ ಅಬುಧಾಬಿಯ ಮ್ಯೂಸಿಯಮ್ಮಿನಲ್ಲಿ ನೀಲಿ ಹಸಿರಿನ, ಉದ್ದ ಕತ್ತಿನ ಎಣ್ಣೆ ಕುಪ್ಪಿಯೊಂದರ ಮುಂದೆ ಅಶ್ಮಿತಾ ಕುಣಿದಾಡಿಬಿಟ್ಟಿದ್ದಳು. ಎರಡು ಸಾವಿರ ವರ್ಷದ ಹಿಂದೆ ರೋಮನ್ನರ ಕಾಲದಲ್ಲಿ ಯಾರೋ ಬಾಯಲ್ಲಿ ಊದಿ ಮಾಡಿದ್ದು, ಆ ಹೊಟ್ಟೆ ಉಬ್ಬಿದ್ದು ಅವನ ಉಸಿರಿಗೆ, ಇಂಥದ್ದೇ ಒಂದನ್ನು ನಿನ್ನ ದೇವರ ದೀಪದ ಎಣ್ಣೆಗೆ ಮಾಡಿಕೊಡ್ತೇನೆ ಎಂದಿದ್ದಳು. ಪ್ರಫುಲ್ಲಾ ಒಂದು ಹೆಜ್ಜೆ ಹಿಂದೆ ಸರಿದಿದ್ದರು.

"ಬಾಯಲ್ಲಿ ಊದಿದ್ದಾ? ಹಾಗಾದರೆ ಎಂಜಲು. ದೇವರ ಕೋಣೆಗೆ ಎಂಜಲು ಕುಪ್ಪಿ ಎಂತಕ್ಕೆ ಮಾರಾಯ್ತಿ?"

ವರ್ಷವಿಡೀ ಆಫೀಸು ಮುಗಿಸಿ ಇಲ್ಲಿಗೆ ಓಡಿ ಬಂದು, ಕೈ ಸುಟ್ಟುಕೊಂಡು ಕಲಿತದ್ದನ್ನು ಅಮ್ಮ ಒಂದೇ ಮಾತಿನಲ್ಲಿ ಒರೆಸಿ ಹಾಕಿದ್ದಕ್ಕೆ ಅಶ್ಮಿತಾಗೆ ಬಹಳ ನೋವಾಗಿತ್ತು. ಒಮ್ಮೆ ಕಣ್ಣಾರೆ ನೋಡಲಿ ಎಂದೇ ಇವತ್ತು ಹಠ ಹಿಡಿದು ಕರೆತಂದಿದ್ದಳು.

ಕರಗಿದ ಗಾಜು ಬೆಲ್ಲದ ಪಾಕದ ಹಾಗೆ ಕೊಳವೆಯ ತುದಿಗೆ ಸುತ್ತಿಕೊಂಡು ಬಂತು. ಈಗ ಊದದಿದ್ದರೆ ಗಟ್ಟಿಯಾಗಿ ಖಲಾಸ್. ಅಂಕಲ್ ಎರಡೂ ಕೈಯಲ್ಲಿ ಪ್ರಫುಲ್ಲಾರನ್ನು ತೋರಿಸಿದರು. ಅವರಿಗೆ ಗಾಬರಿ. ಇನ್ನೊಬ್ಬರು ಊದಿದ ಕೊಳವೆಗೆ ಬಾಯಿ ಇಡುವುದು ಹೇಗೆ ಎಂದರು. ಆದರೆ ಮಗಳ ಮುಖ ನೋಡಿದವರೇ ಸೆರಗಿನಿಂದ ಕೊಳವೆಯ ಬಾಯನ್ನು ಗಸಗಸ ಉಜ್ಜಿ ಕೂತುಬಿಟ್ಟರು. ಸೌದೆ ಒಲೆಯ ಮುಂದೆ ಊದುಕೊಳವೆ ಹಿಡಿದು ಅಭ್ಯಾಸವಾದ ಬಾಯಿ. ಎದೆ ತುಂಬ ಗಾಳಿ ಎಳೆದು ಬುಸ್ಸೆಂದು ಊದಿದರು. ಗಾಜು ಒಂದೇ ಪಕ್ಕಕ್ಕೆ ಉಬ್ಬಿ ಜೋತುಬಿತ್ತು. ಅಂಕಲ್ ಬಾಯಲ್ಲಿದ್ದ ಹತ್ತಿ ಮರೆತು ಏನೋ ಕೂಗಿದರು, ಯಾರಿಗೂ ಅರ್ಥವಾಗಲಿಲ್ಲ.

"ಒಲೆ ಅಲ್ಲ ಅಮ್ಮ, ಗಂಜಿ," ಕೊಳವೆ ತಿರುಗಿಸುತ್ತಲೇ ಅಶ್ಮಿತಾ ಹೇಳಿದಳು. "ಮಗುವಿಗೆ ಗಂಜಿ ಆರಿಸುವ ಹಾಗೆ ಊದು."

ಪ್ರಫುಲ್ಲಾರ ತುಟಿಗೆ ಅದು ಥಟ್ಟನೆ ಗೊತ್ತಾಯಿತು. ಮೆಲ್ಲ, ಸ್ವಲ್ಪ ನಿಲ್ಲಿಸಿ, ಮತ್ತೆ ಮೆಲ್ಲ. ಅಶ್ಮಿತಾ ಗಾಜನ್ನು ಮತ್ತೆ ಬೆಂಕಿಗೆ ಹಿಡಿದು ತಂದು ಮಡಚಿದ ಒದ್ದೆ ಪೇಪರಿನಿಂದ ಸವರುತ್ತ ಹೋದಳು. ವಾಲಿದ್ದು ನೆಟ್ಟಗಾಯಿತು, ಹೊಟ್ಟೆ ದುಂಡಗಾಯಿತು, ಕತ್ತು ಎಳೆದಷ್ಟೂ ಬಂತು. ಸಾಕ್ಷಾತ್ ಮ್ಯೂಸಿಯಮ್ಮಿನ ಕುಪ್ಪಿ! ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಂಕಲ್ ಉಬ್ಬಿದ ಕೆನ್ನೆ ಹಿಡಿದುಕೊಂಡೇ ಕುಣಿದರು. ಪ್ರಫುಲ್ಲಾ ಮಾತ್ರ ಇನ್ನೂ ಊದಬೇಕಾ ಎಂದು ಕೇಳುತ್ತ ಕೊಳವೆ ಬಿಡಲಿಲ್ಲ.

ಕುಪ್ಪಿ ನಾಳೆಯವರೆಗೆ ನಿಧಾನವಾಗಿ ಆರಬೇಕು. ಅದನ್ನು ಕುಲುಮೆಯ ಪಕ್ಕದ ಬಿಸಿ ಗೂಡಿನೊಳಗೆ ಇಟ್ಟು ಬಾಗಿಲು ಹಾಕಿದ ಮೇಲೆ ಅಶ್ಮಿತಾ ಬೆವರು ಒರೆಸಿಕೊಳ್ಳುತ್ತ ಅಮ್ಮನನ್ನು ಕೆಣಕಿದಳು. ಈಗ ಎಂತ ಮಾಡುವುದು, ಇದು ನಿನ್ನದೇ ಎಂಜಲು, ದೇವರ ಕೋಣೆಗಂತೂ ಆಗುವುದಿಲ್ಲ, ಇಲ್ಲೇ ಬಿಟ್ಟು ಹೋಗ್ತೀಯಾ ಎಂದಳು.

ಪ್ರಫುಲ್ಲಾ ಗೂಡಿನ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

"ಊದಿ ಕೊಟ್ಟ ಗಂಜಿ ಎಂಜಲಾದರೆ, ನೀನು ಉಗುರಿನಿಂದ ಕೂದಲಿನ ತನಕ ಎಂಜಲೇ," ಅಂದರು. "ನಿನ್ನನ್ನು ದೇವರ ಕೋಣೆಗೆ ಬಿಟ್ಟಿರಲಿಲ್ವಾ ನಾನು?"