ಕೆಂಪು ಬಟ್ಟೆ ಕಟ್ಟಿದ ಮರ

ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತಾ, ಹೊಸ ಮಾವಿನ ತಳಿಗಾಗಿ ಹದಿನಾರು ವರ್ಷ ದುಡಿದಾಕೆ ಆ ರೈತನ ತೋಟದ ಗೇಟು ಹಿಡಿದು ನಿಂತಿದ್ದಳು. ಒಳಗೆ, ಅವಳ ಸಂಶೋಧನಾ ಕೇಂದ್ರದಿಂದ ಅವನು ಕದ್ದ ಕಡ್ಡಿಯಿಂದ ಕಸಿ ಮಾಡಿದ, ಇನ್ನೂ ಕಾಯಿ ಬಿಡದ ನಾನೂರು ಗಿಡಗಳು.

“ನಮ್ಮ ಕೇಂದ್ರದ ಬೇಲಿ ಹಾರೋಕೆ ನಾಚಿಕೆ ಆಗಲಿಲ್ಲವೇನ್ರೀ?”

“ನಾಲ್ಕು ವರ್ಷ ನಿಮ್ಮ ಆಫೀಸಿಗೆ ಅಲೆದೆ ಮೇಡಂ. ಪರೀಕ್ಷೆ ಮುಗಿದಿಲ್ಲ ಅಂತಲೇ ಕಳಿಸಿದಿರಿ. ನೀವು ಮುಗಿಸೋದರೊಳಗೆ ನನ್ನ ತಿಥಿ ಆಗಿರೋದು.”

“ಗಿಡ ಕೀಳಿಸ್ತೀನಿ.”

“ಮುಟ್ಟಿ ನೋಡೋಣ! ನಮ್ಮಪ್ಪ ನೆಟ್ಟ ಮರಗಳನ್ನೆಲ್ಲಾ ಕಡಿದು ಐದೆಕರೆಗೂ ಇದನ್ನೇ ಹಾಕಿದೀನಿ.”

“ನಮ್ಮ ಕೇಂದ್ರದಲ್ಲಿರೋ ಇನ್ನೂರು ಮರದಲ್ಲಿ ಯಾವುದರ ಕಡ್ಡಿ ಕುಯ್ದಿರಿ?”

ಅವನು ವ್ಯಂಗ್ಯವಾಗಿ ನಕ್ಕ. “ಓದಿದವರಿಗೂ ದೃಷ್ಟಿಯ ಭಯ ಬಿಟ್ಟಿಲ್ಲ ಬಿಡಿ. ಚೆನ್ನಾಗಿ ಬಿಡೋ ಮರಕ್ಕೆ ನಾವು ಕೆಂಪು ಬಟ್ಟೆ ಕಟ್ಟೋ ಹಾಗೆ, ನೀವೂ ಒಂದಕ್ಕೆ ಕಟ್ಟಿದ್ರಲ್ಲ, ಅದರದ್ದೇ.”

ಆಕೆ ಗೇಟು ಬಿಟ್ಟಳು. ಆ ಸಾಲು ಸಾಲು ಗಿಡಗಳನ್ನು ತುಂಬ ಹೊತ್ತು ನೋಡಿದಳು.

“ಅದರ ಹಣ್ಣು ಒಳಗೊಳಗೇ ಕೊಳೆಯುತ್ತೆ ಅಂತ, ಕಡಿಯೋ ಆಳಿಗೆ ಗುರುತು ಸಿಗಲಿ ಅಂತ ಕಟ್ಟಿದ್ದೆ.”