ಹನ್ನೆರಡನೆಯ ಕುರ್ಚಿ

ಚರ್ಚಿನ ಮೆಟ್ಟಿಲ ಮೇಲೆ ಸೊಸೆಯ ಕಾಲು ಕಂಡ ಕೂಡಲೇ ಅತ್ತೆಯ ಜೀವ ಬಾಯಿಗೆ ಬಂತು. ಕೆಲಸ ಮುಗಿಸಿ ಇದ್ದಲು ಡಿಪೋದಿಂದ ನೇರವಾಗಿ ಬಂದಿದ್ದಳು. ಪಾದದಿಂದ ಕಣಕಾಲಿನವರೆಗೆ ಚರ್ಮ ಕಾಣದಷ್ಟು ಮಸಿ, ಉಗುರಿನ ಸಂದಿಯಲ್ಲೂ ಮಸಿ. ಒಳಗೆ ಪೀಠದ ಮುಂದೆ ಹನ್ನೆರಡು ಕುರ್ಚಿ ಹಾಕಿಯಾಗಿತ್ತು. ಯೇಸುಸ್ವಾಮಿ ಸಾಯುವ ಹಿಂದಿನ ರಾತ್ರಿ ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದ ನೆನಪಿಗೆ ಇವತ್ತು ಫಾದರ್ ಹನ್ನೆರಡು ಜನರ ಕಾಲು ತೊಳೆಯಬೇಕು. ಹನ್ನೊಂದನೆಯ ಕುರ್ಚಿ ಅತ್ತೆಯದು, ಬಹಳ ವರ್ಷಗಳಿಂದ. ಹನ್ನೆರಡನೆಯದು ಈ ಸಲ ಸೊಸೆಗೆ. ಬೇರೆ ಧರ್ಮದ ಮನೆಯಿಂದ ಬಂದವಳು, ಭಾನುವಾರ ಅವಳನ್ನು ಕ್ರೈಸ್ತಳಾಗಿ ಸೇರಿಸಿಕೊಳ್ಳುವ ಜ್ಞಾನಸ್ನಾನ ಎಂದು ಫಾದರೇ ಆರಿಸಿದ್ದರು.

"ಏನೇ ಇದು? ಡಿಪೋದಲ್ಲಿ ನೀರಿರ್ಲಿಲ್ವಾ?"

"ಇತ್ತು ಅತ್ತೆ. ಬೇಕಂತಲೇ ತೊಳೀಲಿಲ್ಲ."

"ಅಗೋ, ಅಲ್ಲಿ ನಲ್ಲಿ ಇದೆ. ಗಂಟೆ ಹೊಡೆಯೋಕೆ ಮುಂಚೆ ಉಜ್ಜಿಕೊಂಡು ಬಾ, ಓಡು."

ಅತ್ತೆಯ ಗಾಬರಿ ಸಹಜವೇ. ಕಾಲು ತೊಳೆಸಿಕೊಳ್ಳಲು ಬಂದ ಉಳಿದವರೆಲ್ಲ ಮನೆಯಲ್ಲೇ ಕಾಲು ತೊಳೆದುಕೊಂಡು ಬಂದಿದ್ದರು. ಬ್ಯಾಂಕ್ ಮ್ಯಾನೇಜರು ಹೊಸ ಕಾಲುಚೀಲ ಹಾಕಿದ್ದರು, ಟೀಚರಮ್ಮ ಉಗುರಿಗೆ ಬಣ್ಣ ಹಚ್ಚಿದ್ದರು. ಅತ್ತೆಯಂತೂ ಮಧ್ಯಾಹ್ನವೆಲ್ಲ ಕಲ್ಲಿನಲ್ಲಿ ಹಿಮ್ಮಡಿ ಉಜ್ಜಿ, ಎಣ್ಣೆ ಸವರಿ, ಅದರ ಮೇಲೆ ಪೌಡರು ಬೇರೆ ಹಾಕಿದ್ದರು. ಕೊಳೆಯೇ ಇಲ್ಲದ ಕಾಲಿಗೆ ಫಾದರ್ ಎರಡು ಹನಿ ನೀರು ಬಿಟ್ಟು, ಟವೆಲ್ ಮುಟ್ಟಿಸಿ ಮುಂದಕ್ಕೆ ಹೋಗುವುದು ಅಲ್ಲಿನ ವಾಡಿಕೆ. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ, ಇದ್ದರೆ ದೇವರಿಗೆ ಇದ್ದೀತು.

"ತೊಳ್ಕೊಳ್ಳಲ್ಲ," ಎಂದಳು ಸೊಸೆ. "ಬಟಾಣಿ ಬಿಡಿಸ್ತಾ ನೀವೇ ತಾನೇ ಹೇಳಿಕೊಟ್ಟಿದ್ದು? ನಾವು ಒಳ್ಳೆಯವರಾದ್ವಿ ಅಂತ ದೇವರು ಮನುಷ್ಯನಾಗಿ ಬರ್ಲಿಲ್ಲ, ಪಾಪಿಗಳಾಗಿ ಇದ್ದಾಗಲೇ ಬಂದ, ನಮಗೋಸ್ಕರ ಸತ್ತ, ಮೂರನೇ ದಿನ ಎದ್ದ ಅಂತ. ಅವತ್ತು ಕೂತಿದ್ದ ಹನ್ನೆರಡು ಜನರಲ್ಲಿ ಒಬ್ಬ ಅವನನ್ನ ಮಾರಿಬಿಟ್ಟ, ಇನ್ನೊಬ್ಬ ಅವನು ಯಾರೋ ಗೊತ್ತೇ ಇಲ್ಲ ಅಂದ. ಅವರ ಕಾಲನ್ನೂ ತೊಳೆದ ಅಂದ್ರಿ. ಅವರೇನು ಮನೇಲಿ ಉಜ್ಜಿಕೊಂಡು ಬಂದಿದ್ರಾ?"

"ಸಾಕು ಸುಮ್ನಿರು. ಮೊಮ್ಮಗಳು ಅಜ್ಜಿಗೆ ಕೆಮ್ಮೋದು ಕಲಿಸಿದ ಹಾಗಾಯ್ತು. ಈ ಕರಿ ಕಾಲು ಹೊತ್ತುಕೊಂಡು ಒಳಗೆ ಬಂದ್ರೆ ಜನ ಏನಂತಾರೆ?"

"ಒಳಗೆ ಧೂಪಕ್ಕೆ ಕೆಂಡ ಮಾಡಿರೋದು ನಮ್ಮ ಡಿಪೋ ಇದ್ದಲೇ ಅತ್ತೆ. ಅದನ್ನ ಯಾರೂ ತೊಳೆದು ಒಳಗೆ ತಗೊಂಡು ಹೋಗ್ಲಿಲ್ಲ." ಸೊಸೆಯ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಮದುವೆಯಾಗಿ ಬಂದಾಗಿನಿಂದ ಹಿತ್ತಲ ಬಾಗಿಲಲ್ಲಿ ಕಾಲು ತೊಳ್ಕೊಂಡೇ ಮನೆಯೊಳಗೆ ಬಂದಿದೀನಿ. ನಿಮ್ಮ ಮಗನೂ ಅದೇ ಡಿಪೋದಿಂದ ಬರ್ತಾರೆ, ಮುಂಬಾಗಿಲಲ್ಲಿ. ನಾನು ಒಂದು ಮಾತೂ ಆಡ್ಲಿಲ್ಲ. ಇಲ್ಲೂ ತೊಳ್ಕೊಂಡೇ ಬರಬೇಕು ಅಂದ್ರೆ ನನಗೆ ಜ್ಞಾನಸ್ನಾನ ಬೇಡ. ಹಿತ್ತಲ ಬಾಗಿಲು ಮನೇಲೇ ಇದೆಯಲ್ಲ, ಅದಕ್ಕೆ ಚರ್ಚಿಗೆ ಯಾಕೆ ಬರಲಿ?"

ಗಂಟೆ ಹೊಡೆಯಿತು. ಸೊಸೆ ಚಪ್ಪಲಿ ಬಿಟ್ಟು, ನಡುದಾರಿಯ ಬಿಳಿ ಕಲ್ಲಿನ ಮೇಲೆ ಕರಿ ಹೆಜ್ಜೆ ಮೂಡಿಸುತ್ತ ನಡೆದು ಹನ್ನೆರಡನೆಯ ಕುರ್ಚಿಯಲ್ಲಿ ಕೂತಳು. ಅತ್ತೆ ಆ ಗುರುತುಗಳನ್ನು ತುಳಿಯದಂತೆ ಓರೆಯಾಗಿ ಬಂದು ಪಕ್ಕದಲ್ಲಿ ಕೂತರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವರಿಗೆ.

ಫಾದರ್ ಹನ್ನೊಂದು ಕುರ್ಚಿಗಳನ್ನು ವಾಡಿಕೆಯಂತೆ ಮುಗಿಸಿದರು. ಅತ್ತೆಯ ಪಾಲಿಗೆ ಬಂದದ್ದು ಅದೇ ಎರಡು ಹನಿ. ಹನ್ನೆರಡನೆಯ ಕುರ್ಚಿಯ ಮುಂದೆ ಮಂಡಿಯೂರಿದವರು ಆ ಕಾಲನ್ನು ನೋಡಿದರು, ಕೈಯಲ್ಲಿದ್ದ ಚೊಂಬನ್ನು ನೋಡಿದರು.

"ಈ ನೀರು ಸಾಲಲ್ಲ ಫಾದರ್," ಎಂದಳು ಸೊಸೆ.

"ಹೌದಮ್ಮ, ಸಾಲಲ್ಲ," ಎಂದು ಫಾದರ್ ನಿಲುವಂಗಿಯ ತೋಳು ಮಡಚಿದರು.

ಬಕೆಟ್ಟಿನಲ್ಲಿ ನೀರು ಬಂತು, ಸೋಪು ಬಂತು. ಫಾದರ್ ಹಿಮ್ಮಡಿ ಹಿಡಿದು ಉಜ್ಜಿದರು, ಬೆರಳ ಸಂದಿ ಉಜ್ಜಿದರು. ಹಾಡುವವರು ಹಾಡು ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಬಿಳಿ ಟವೆಲು ಮಸಿಬಟ್ಟೆಯಾಯಿತು. ಮೊದಲ ಕುರ್ಚಿಯಿಂದ ಬ್ಯಾಂಕ್ ಮ್ಯಾನೇಜರು ಮೆಲ್ಲಗೆ, "ಫಾದರ್, ಹೊತ್ತಾಗ್ತಿದೆ" ಎಂದರು.

"ಆಗಲಿ ಬಿಡಿ," ಎಂದರು ಫಾದರ್ ತಲೆಯೆತ್ತದೆ. "ಇಷ್ಟು ವರ್ಷಕ್ಕೆ ಇವತ್ತು ಕೆಲಸ ಸಿಕ್ಕಿದೆ ನನಗೆ."

ಅತ್ತೆಗೆ ಆಗ ನಾಚಿಕೆ ಹೋಗಿ ಬೇರೇನೋ ಒಳಗೆ ಉರಿಯತೊಡಗಿತು. ಇಷ್ಟು ಸಲ ಈ ಕುರ್ಚಿಯಲ್ಲಿ ಕೂತರೂ ತನ್ನ ಕಾಲನ್ನು ಯಾರೂ ಹೀಗೆ ಎರಡೂ ಕೈಯಲ್ಲಿ ಹಿಡಿದಿರಲಿಲ್ಲ. ಹೊಟ್ಟೆಕಿಚ್ಚೇ ಅದು, ಬೇರೆ ಹೆಸರಿಲ್ಲ. ಪೌಡರು ಹಾಕಿದ ಪಾದಗಳನ್ನು ಅವರು ಕುರ್ಚಿಯ ಕೆಳಕ್ಕೆ ಎಳೆದುಕೊಂಡರು.

ಆಮೇಲೆ ಪರಮಪ್ರಸಾದದ ಸಾಲು. ಕ್ರಿಸ್ತನ ಶರೀರವೆಂದೇ ನಂಬಿ ತೆಗೆದುಕೊಳ್ಳುವ ತೆಳುವಾದ ಬಿಳಿ ರೊಟ್ಟಿ ಅದು. ಫಾದರ್ ಕೈ ತೊಳೆದಿದ್ದರು, ಆದರೆ ಇದ್ದಲಿನ ಮಸಿ ಒಂದು ಚೊಂಬು ನೀರಿಗೆ ಜಗ್ಗುವಂಥದ್ದಲ್ಲ. ಅತ್ತೆಯ ಮುಂದೆ ಹಿಡಿದ ರೊಟ್ಟಿಯ ಮೇಲೆ ಅವರ ಹೆಬ್ಬೆರಳ ಗುರುತು ಕರ್ರಗೆ ಮೂಡಿತ್ತು.

"ಕ್ರಿಸ್ತನ ಶರೀರ," ಎಂದರು ಫಾದರ್.

ಅದಕ್ಕೆ ಆಮೆನ್ ಎನ್ನಬೇಕು. ಆಮೆನ್ ಅಂದರೆ ಹೌದು, ಒಪ್ಪಿದೆ ಅಂತ. ಒಪ್ಪದೆ ಬರೀ ಬಾಯಿಮಾತಿಗೆ ಅನ್ನಬೇಡ ಎಂದು ಸೊಸೆಗೆ ಹೇಳಿಕೊಟ್ಟಿದ್ದೂ ಈ ಅತ್ತೆಯೇ. ಹಿಂದೆ ಸಾಲು ಕಾಯುತ್ತಿತ್ತು. ಜ್ಞಾನಸ್ನಾನವಾಗದೆ ಈ ಸಾಲಿಗೆ ಬರುವಂತಿಲ್ಲದ ಸೊಸೆ ಹನ್ನೆರಡನೆಯ ಕುರ್ಚಿಯಿಂದ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಅತ್ತೆ ಆ ಮಸಿಯನ್ನು ಒಮ್ಮೆ ನೋಡಿದರು. "ಆಮೆನ್," ಎಂದು ಬಾಯಿ ತೆರೆದರು.